ಅಳಿಯನ ಮೂರನೇ ಪಾಲು

ನವೆಂಬರ್ 12

ಬಾಗಿಲ ಕೆಳಗೆ ಹಳೆ ಟಯರಿನ ಪಟ್ಟಿ ಹೊಡೆದದ್ದು ಸಾಲಲಿಲ್ಲ. ಬೆಳಗ್ಗೆ ನೋಡಿದರೆ ಗ್ಯಾರೇಜಿನ ಒಳಗೇ ಹಿಮದ ಗೆರೆ, ಯಾರೋ ಹಿಟ್ಟು ಚೆಲ್ಲಿದ ಹಾಗೆ. ಮತ್ತೆ ಮೊಳೆ, ಮತ್ತೆ ಸುತ್ತಿಗೆ. ಹೆಬ್ಬೆರಳಿಗೊಂದು ಏಟು. ಪಟ್ಟಿಗೂ ಬೈದೆ, ಬೆರಳಿಗೂ ಬೈದೆ.

ಫಿರಂಗಿ ಹಚ್ಚಿದೆ. ಕರೆಂಟಿನ ಬಿಸಿಗಾಳಿ ಯಂತ್ರ. ಮೂತಿ ಉದ್ದ, ಅಬ್ಬರ ಜಾಸ್ತಿ, ಅದಕ್ಕೇ ನಮ್ಮ ಕರಗಂದಾ ಊರಲ್ಲಿ ಎಲ್ಲರೂ ಫಿರಂಗಿ ಅನ್ನುವುದು. ಅದೊಂದಿದ್ದರೆ ಅರ್ಧ ಗಂಟೆಯಲ್ಲಿ ಕೋಟು ಬಿಚ್ಚಬಹುದು. ಮೂಲೆಯಲ್ಲಿ ಕಲ್ಲಿದ್ದಲ ಒಲೆಯೂ ಇದೆ, ಹಳೆ ಗ್ಯಾಸ್ ಸಿಲಿಂಡರ್ ಕೊಯ್ದು ನಾನೇ ಮಾಡಿದ್ದು. ಅದು ಚಳಿ ತೀರಾ ಹುಚ್ಚು ಹಿಡಿದಾಗ ಮಾತ್ರ.

ನನ್ನ ಕೆಲಸಕ್ಕೆ ಬಿಸಿ ಬೇಕೇ ಬೇಕು. ಡೀಸೆಲ್ ಪಂಪಿನೊಳಗಿನ ಕಡ್ಡಿ ಕೂದಲೂ ತೂರದ ಸಂದಿಯಲ್ಲಿ ಓಡಾಡಬೇಕು. ತಣ್ಣನೆ ಜಾಗದಲ್ಲಿ ಲೋಹ ಬೆವರುತ್ತದೆ, ಬೆರಳು ಕೊರಡಾಗುತ್ತದೆ. ಈ ಬೀದಿಯಲ್ಲಿ ಪಂಪ್ ಬಿಚ್ಚುವವರು ಹತ್ತು ಜನ ಇರಬಹುದು. ಮತ್ತೆ ಸರಿಯಾಗಿ ಕೂಡಿಸುವವನು ಈ ಕೊಯ್ಶಿಬಾಯ್ ಒಬ್ಬ. ಯಾರೂ ಓದದ ಪುಸ್ತಕ ಇದು, ಹೇಳಿಕೊಂಡರೆ ತಪ್ಪಿಲ್ಲ.

ನಮ್ಮ ಬೆಕ್ಕು ಮೋಟಿ ಫಿರಂಗಿಯ ಎದುರು ಹೊಟ್ಟೆ ಮೇಲಾಗಿ ಬಿದ್ದುಕೊಂಡಿದೆ. ಬಾಲ ಹೋದ ವರ್ಷದ ಹಿಮಕ್ಕೆ ಉದುರಿತು. ಬೆಕ್ಕಿಗೆ ಬುದ್ಧಿ ಮಾತ್ರ ಉದುರಿಲ್ಲ, ಊರಲ್ಲಿ ಎಲ್ಲಿ ಸುಖವೋ ಅಲ್ಲೇ ಇರುತ್ತದೆ.

ನವೆಂಬರ್ 20

ಚಳಿಗಾಲದ ಮಾಂಸಕ್ಕೆ ಕುದುರೆ ಕಡಿದೆವು. ಅಂಗಳದಲ್ಲೇ. ಅಳಿಯ ಜಾನ್‌ಬೊಲಾತ್ ಬಂದಿದ್ದ — ರಿಸ್ತಿ ಅಕ್ಕನ ಮಗ, ಗಣಿಯಲ್ಲಿ ರಾತ್ರಿ ಪಾಳಿ, ಎತ್ತಿನಂಥ ಕುತ್ತಿಗೆ. ಕಾಲಿಗೆ ಹಗ್ಗ ಹಾಕಿ ಎಳೆದ ಒಂದೇ ಎಳೆತಕ್ಕೆ ಕುದುರೆ ಧೊಪ್ಪನೆ ಬಿತ್ತು. ಕುತ್ತಿಗೆಗೆ ಚಾಕು ಹಾಕಿದ್ದು ನಾನು. ರಕ್ತ ಹಿಮಕ್ಕೆ ಬಿದ್ದಲ್ಲೆಲ್ಲ ಹೊಗೆ. ಕೈ ಒಂದು ಕೂದಲಷ್ಟೂ ಅಲುಗಲಿಲ್ಲ.

ಊಟಕ್ಕೆ ಕೂತಾಗ ಶುರುಮಾಡಿದ. ಇನ್ನೂ ಒಂದು ಬಾಕಿ ಇದೆ ಮಾವ ಅಂತ. ನಮ್ಮಲ್ಲಿ ಅಕ್ಕತಂಗಿಯ ಮಗನಿಗೆ ತಾಯಿಯ ತವರಿನಿಂದ ಮೂರು ವಸ್ತು ಕೇಳದೆ ಎತ್ತಿಕೊಂಡು ಹೋಗುವ ಹಕ್ಕು. ಮಾವನಾದವನು ತಡೆಯುವಂತಿಲ್ಲ. ಇವನು ಚಡ್ಡಿ ಹಾಕುತ್ತಿದ್ದಾಗ ನನ್ನ ಬೇಟೆನಾಯಿ ಒಯ್ದ. ಮದುವೆಯ ವರ್ಷ ಅಪ್ಪನ ಬೆಳ್ಳಿ ಪಟ್ಟಿಯ ಜೀನು ಒಯ್ದ. ಅಪ್ಪನದು! ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ನನ್ನ ಹೆಂಡತಿಯನ್ನು ಬಿಟ್ಟು ಏನು ಬೇಕಾದರೂ ತಗೋ ಅಂದೆ, ನಗಿಸಲಿಕ್ಕೆ. ಅತ್ತೆ ಬೇಡ, ಬೈತಾಳೆ ಅಂದ. ನಗಿಮಾ ಸೌಟಿನಿಂದ ಅವನ ತಲೆಗೆ ಕುಟ್ಟಿದಳು. ಆಮೇಲೆ ಗ್ಯಾರೇಜಿಗೆ ಹೋಗಿ ಫಿರಂಗಿಗೆ ಬೆನ್ನು ಮಾಡಿ ನಿಂತ. ತುಂಬ ಹೊತ್ತು ನಿಂತ. ನನಗೆ ಹಿಡಿಸಲಿಲ್ಲ.

ನವೆಂಬರ್ 23

ಒಯ್ಯಲು ಬಂದೇಬಿಟ್ಟ. ಮನೆಯಲ್ಲಿ ಮಕ್ಕಳಿಗೆ ಚಳಿಯಂತೆ, ಅವರ ಕಟ್ಟಡದ ಬಿಸಿನೀರಿನ ಕೊಳವೆ ಬರೀ ಉಗುರುಬೆಚ್ಚಗಂತೆ. ಕೇಳಿದ್ದರೆ ನಾನು ಬೇರೇನಾದರೂ ಮಾಡಿಕೊಡುತ್ತಿದ್ದೆ. ಕೇಳಲಿಲ್ಲ. ಓಡುತ್ತಿದ್ದ ಫಿರಂಗಿಯ ವೈರು ಕಿತ್ತ, ಹೆಗಲಿಗೆ ಹಾಕಿದ. ಮೇಜಿನ ಮೇಲೆ ಎದುರು ಮನೆಯ ವಿಲ್ಲಿಯ ಲಾರಿಯ ಪಂಪ್ ಬಿಚ್ಚಿಟ್ಟಿತ್ತು, ತುಂಡು ತುಂಡಾಗಿ.

"ಮೂರನೇದು ಮಾವ. ಲೆಕ್ಕ ಮುಗೀತು," ಅಂದ.

"ಕೆಳಗಿಡೋ."

"ಇಡಲ್ಲ. ಏನ್ಮಾಡ್ತೀಯ, ಹೊಡೀತೀಯಾ?"

ಹೊಡೆದೆ. ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು, ಅದನ್ನು ಕೆಳಗಿಡಬೇಕು ಅಂತಲೂ ಹೊಳೆಯಲಿಲ್ಲ. ಬಾಯಿಗೆ ಬಿತ್ತು. ಹಲ್ಲು ಟಿನ್ನಿನ ತಟ್ಟೆಯಲ್ಲಿದ್ದ ಬೋಲ್ಟುಗಳ ನಡುವೆ ಹೋಗಿ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಇನ್ನೊಂದು ಏಟು ಭುಜಕ್ಕೆ. ಮೂರನೆಯದಕ್ಕೆ ಕೈ ಎತ್ತಿದಾಗ ನಗಿಮಾ ಹಿಂದಿನಿಂದ ನೇತುಬಿದ್ದಳು.

ಅವನು ತಿರುಗಿ ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಅವನ ಒಂದು ಕೈ ಸಾಕು ನನಗೆ. ಬಾಯಿ ತುಂಬ ರಕ್ತ ಇಟ್ಟುಕೊಂಡು ನನ್ನನ್ನೇ ನೋಡಿದ, ಉಗುಳಿದ, ಫಿರಂಗಿ ಹೊತ್ತುಕೊಂಡೇ ಹೋದ. ಗೇಟಿನವರೆಗೂ ಕೆಂಪು ಚುಕ್ಕಿಗಳು.

ಒಳ್ಳೆಯದಾಯಿತು. ಹತ್ತು ವರ್ಷದ ಜೀನಿನ ಸಿಟ್ಟೂ ಅದರಲ್ಲಿತ್ತು.

ನವೆಂಬರ್ 24

ಅಕ್ಕ ಫೋನ್ ಮಾಡಿದಳು. ಕಿರುಚಲಿಲ್ಲ, ಅದೇ ಕೆಟ್ಟದ್ದು. ಮೆಲ್ಲಗೆ ಹೇಳಿದಳು — "ಅಮ್ಮ ಏನು ಹೇಳ್ತಿದ್ದಳು ಮರೆತೆಯಾ? ಅಳಿಯನಿಗೆ ಎತ್ತಿದ ಕೈ ನಡುಗ್ತಾ ನಡುಗ್ತಾ ಹೋಗುತ್ತೆ. ನಾನು ಶಾಪ ಹಾಕಲ್ಲ. ಹಾಕೋ ಅಗತ್ಯ ಇಲ್ಲ."

ಮುದುಕಿಯರ ಮಾತು ಅಂದೆ. ಫೋನ್ ಇಟ್ಟಳು.

ಕೈ ಮುಂದೆ ಚಾಚಿ ನೋಡಿಕೊಂಡೆ. ಏನೂ ಇಲ್ಲ. ಕಲ್ಲು.

ನವೆಂಬರ್ 26

ಮೈನಸ್ ಮೂವತ್ತು. ಫಿರಂಗಿ ಇಲ್ಲ, ಹೋಗಲಿ, ಒಲೆ ಇದೆ. ಒಲೆಯ ಬಿಸಿ ಉಳಿಯಬೇಕಾದರೆ ಗ್ಯಾರೇಜು ಸೋರಬಾರದು. ಅಟ್ಟದಿಂದ ಅಮ್ಮನ ಹಳೆ ಗುಡಾರದ ಉಣ್ಣೆಹಾಸು ಇಳಿಸಿದೆ. ಬೆರಳು ದಪ್ಪ, ಕುರಿಯ ವಾಸನೆ ಇನ್ನೂ ಇದೆ. ಬಾಗಿಲಿಗೆ ಎರಡು ಪದರ. ಕಿಟಕಿಗೆ ಒಂದು. ಗೋಡೆಯ ಬುಡಕ್ಕೆ ಸುತ್ತ. ಮೇಲೆ ಸಣ್ಣ ಗವಾಕ್ಷಿ ಇತ್ತು, ಅದರಿಂದಲೇ ಅರ್ಧ ಬಿಸಿ ಕಳ್ಳತನವಾಗುತ್ತಿತ್ತು. ಅದಕ್ಕೂ ತುರುಕಿದೆ, ಮೇಲೆ ಹಲಗೆ ಹೊಡೆದೆ.

ಒಲೆಗೆ ಬಕೆಟ್ ತುಂಬ ಕಲ್ಲಿದ್ದಲು. ಹೊಗೆ ನಿಂತು ಕೆಂಡ ಕೆಂಪಾದ ಮೇಲೆ ಹೊಗೆಕೊಳವೆಯ ಅಡ್ಡತಗಡು ಮುಚ್ಚಿಬಿಡುವುದು, ಇಲ್ಲದಿದ್ದರೆ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬನಿಯನ್ನಿನಲ್ಲಿ ಕೆಲಸ ಮಾಡಿದೆ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪು, ಒಳಗೆ ನಾನು ಬನಿಯನ್ನಿನಲ್ಲಿ! ನಿನ್ನ ಫಿರಂಗಿ ನೀನೇ ನೆಕ್ಕಿಕೋ ಜಾನ್‌ಬೊಲಾತ್.

ಡಿಸೆಂಬರ್ 3

ಬಲಗೈ ನಡುಗುತ್ತಿದೆ.

ಬೆಳಗ್ಗೆ ಸ್ವಲ್ಪ. ಊಟದ ಹೊತ್ತಿಗೆ ಚಿಮಟದಲ್ಲಿ ಸ್ಪ್ರಿಂಗ್ ಹಿಡಿಯಲು ಆಗಲಿಲ್ಲ. ಮೂರು ಸಲ ಬಿತ್ತು. ನಾಲ್ಕನೆಯ ಸಲ ಚಿಮಟವನ್ನೇ ಗೋಡೆಗೆ ಎಸೆದೆ.

ಅಮ್ಮನ ಮಾತು ನೆನಪಾಯಿತು. ಬೇಡ ಅಂದರೂ ನೆನಪಾಯಿತು.

ಡಿಸೆಂಬರ್ 6

ನಡುಕ ಹೆಚ್ಚು. ತಲೆಯೊಳಗೆ ಯಾರೋ ಕಬ್ಬಿಣ ಕುಟ್ಟುತ್ತಾರೆ. ನಿದ್ದೆಗೆಟ್ಟಿದ್ದಕ್ಕೆ ಇರಬೇಕು. ಯಾರನ್ನು ಕಂಡರೂ ಹೊಡೆಯೋಣ ಅನ್ನಿಸುತ್ತದೆ, ಕಾರಣವೇ ಬೇಡ.

ನಗಿಮಾ ಚಹಾ ತಂದಳು. ಇಲ್ಲಿ ಬಂದರೆ ನನಗೂ ತಲೆ ಸಿಡಿಯುತ್ತೆ, ಸ್ವಲ್ಪ ಬಾಗಿಲು ತೆಗೀರಿ ಅಂದಳು. ಬಿಸಿ ನಿನ್ನಪ್ಪ ತಂದುಕೊಡುತ್ತಾನಾ ಅಂದೆ. ಕೈ ಯಾಕೆ ಹಾಗೆ ಅಂತ ಕೇಳಿದಳು. ಅಷ್ಟೇ ಕೇಳಿದ್ದು. ಕುದಿಯುವ ಕೆಟಲ್ ತೆಗೆದು ಎಸೆದೆ. ಅವಳ ಕಿವಿಯ ಪಕ್ಕ ಹಾದು ಬಾಗಿಲಿಗೆ ಬಡಿಯಿತು, ಉಣ್ಣೆಹಾಸಿನಿಂದ ಆವಿ ಎದ್ದಿತು. ಒಂದು ಗೇಣು ಈಚೆ ಬಂದಿದ್ದರೆ ಅವಳ ಮುಖ ಬೆಂದುಹೋಗುತ್ತಿತ್ತು.

ಅವಳು ಅಳಲಿಲ್ಲ. "ಮೊದಲು ಅಳಿಯ, ಈಗ ನಾನು. ಆಮೇಲೆ ಯಾರು ಉಳಿದಿದ್ದಾರೆ ಲೆಕ್ಕ ಹಾಕಿಕೊಳ್ಳಿ," ಅಂದಳು. ಮತ್ತೆ ಗ್ಯಾರೇಜಿಗೆ ಕಾಲಿಡಲ್ಲವಂತೆ. ಬೇಡ.

ಮೋಟಿಯೂ ಬರುವುದಿಲ್ಲ ಈಗ. ಹೊರಗೆ ಹಿಮದ ಮೇಲೆ ಕೂತು ಮಿಯಾಂವ್ ಅನ್ನುತ್ತದೆ, ಬಾಗಿಲು ತೆಗೆದರೆ ಒಳಗೆ ಮೂಗು ಹಾಕಿ ಹಿಂದೆ ಸರಿಯುತ್ತದೆ. ಬೆಕ್ಕಿಗೂ ನಾನು ಬೇಡವಾದೆ.

ಡಿಸೆಂಬರ್ 9

ವಿಲ್ಲಿಯ ಪಂಪ್ ಹೇಗೋ ಕೂಡಿಸಿದೆ. ಎದುರು ಮನೆಯ ಜರ್ಮನ್, ಕಲ್ಲಿದ್ದಲ ಲಾರಿ ಓಡಿಸುತ್ತಾನೆ. ಅವನ ಜನವೆಲ್ಲ ಜರ್ಮನಿಗೆ ಹೋದರು, ಇವನು ಇಲ್ಲೇ ಉಳಿದ. ಹುಡುಗರಿದ್ದಾಗಿನಿಂದ ಅವನ ಲಾರಿಗೆ ಕೈ ಹಾಕುವವನು ನಾನೊಬ್ಬನೇ.

ಒಂದು ಕಡ್ಡಿ ಕೂರಿಸುವಾಗ ಕೈ ಜಾರಿ ಗೀರು ಬಿತ್ತು. ಸಣ್ಣದು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಹೊಸದು ತರಿಸಲು ಒಂದು ವಾರ, ವಿಲ್ಲಿಗೆ ನಾಳೆಯೇ ಬೇಕು. ಹಾಗೇ ಹಾಕಿದೆ. ಓಡುತ್ತದೆ. ಓಡಲೇಬೇಕು.

ಡಿಸೆಂಬರ್ 13

ಓಡಲಿಲ್ಲ. ಬಯಲಿನ ರಸ್ತೆಯಲ್ಲಿ, ಮೈನಸ್ ಮೂವತ್ತಾರರಲ್ಲಿ, ಎಂಜಿನ್ ಸತ್ತಿತು. ಬೇರೆ ಗಾಡಿ ಬರುವವರೆಗೆ ವಿಲ್ಲಿ ಟಯರ್ ಸುಟ್ಟುಕೊಂಡು ಕೂತಿದ್ದನಂತೆ. ಎಡಗೈಯ ಎರಡು ಬೆರಳು ಕಪ್ಪಾಗಿವೆ. ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ.

ಆಸ್ಪತ್ರೆಗೆ ಹೋಗುವ ಮೊದಲು ನನ್ನ ಹತ್ತಿರ ಬಂದ. ಕೈಗೆ ಬಟ್ಟೆ ಸುತ್ತಿತ್ತು, ಇನ್ನೊಂದರಲ್ಲಿ ಹಾರೆ. ಮೊದಲು ನನ್ನ ಕಾರಿನ ಮುಂದಿನ ಗಾಜು. ಆಮೇಲೆ ದೀಪಗಳು. ಆಮೇಲೆ ನಾನು. ಪಕ್ಕೆಲುಬಿಗೆ ಒಂದು ಬಿತ್ತು, ಉಸಿರು ನಿಂತಿತು. ಕಲ್ಲಿದ್ದಲ ಸಲಿಕೆ ಸಿಕ್ಕಿತು, ಬೀಸಿದೆ, ಅವನ ಮೊಣಕಾಲಿಗೆ. ಇಬ್ಬರೂ ಹಿಮದಲ್ಲಿ ಬಿದ್ದು ನಾಯಿಗಳ ಹಾಗೆ ಕಚ್ಚಾಡಿದೆವು. ಅವನ ಮೂಗು ನನ್ನ ಹಣೆಗೆ ತಾಗಿ ಒಡೆಯಿತು. ಒಂದು ಹೊತ್ತಿನಲ್ಲಿ ಅವನು ಸುಮ್ಮನಾಗಿ ನನ್ನ ಬಲಗೈ ಹಿಡಿದುಕೊಂಡು ನೋಡಿದ. ಅದು ಅವನ ಮುಷ್ಟಿಯಲ್ಲೂ ನಡುಗುತ್ತಿತ್ತು.

"ಇದನ್ನಿಟ್ಟುಕೊಂಡು ನನ್ನ ಪಂಪ್ ಕಟ್ಟಿದೆಯಾ ಕೊಯ್ಶಿ?" ಅಂದ.

ಕೈ ಕಿತ್ತುಕೊಂಡೆ. ಎದ್ದು ಕುಂಟುತ್ತಾ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ, ಸಂಜೆ

ಎಲ್ಲ ಆ ಫಿರಂಗಿಯಿಂದ. ಸುತ್ತಿಗೆ ತೆಗೆದುಕೊಂಡು ಜಾನ್‌ಬೊಲಾತನ ಮನೆಗೆ ಹೋದೆ, ದೊಡ್ಡ ಸುತ್ತಿಗೆ. ಅವನ ಹೆಂಡತಿ ಬಾಗಿಲು ತೆಗೆದಳು. ಫಿರಂಗಿ ನಡುಮನೆಯಲ್ಲಿ ಓಡುತ್ತಿತ್ತು, ಮಕ್ಕಳು ಎದುರಿಗೆ ಕೂತು ರೊಟ್ಟಿ ತಿನ್ನುತ್ತಿದ್ದರು. ವೈರು ಕಿತ್ತೆ, ಮೆಟ್ಟಿಲ ಮೇಲೆ ಎಳೆತಂದೆ, ಹೊಡೆದೆ. ತಗಡು ಚಪ್ಪಟೆಯಾಗುವವರೆಗೆ, ಒಳಗಿನ ತಂತಿ ಕರುಳಿನ ಹಾಗೆ ಹೊರಬರುವವರೆಗೆ. ಮಕ್ಕಳು ಅಳುತ್ತಿದ್ದವು. ನಿಲ್ಲಿಸಬೇಕು ಅನ್ನಿಸಿತು, ಕೈ ನಿಲ್ಲಲಿಲ್ಲ.

ಅಳಿಯ ಎದ್ದುಬಂದು ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಕಾಲು ನೆಲದಿಂದ ಎದ್ದಿತು. ಕಣ್ಣು ಕತ್ತಲೆ ಬಂತು. ಇನ್ನೊಂದು ಕೈ ಮುಷ್ಟಿ ಕಟ್ಟಿ ನನ್ನ ಮುಖದ ಮುಂದೆ ತುಂಬ ಹೊತ್ತು ನಿಂತಿತ್ತು. ಹೊಡೆ ಅಂದೆ, ಮಾತು ಹೊರಡಲಿಲ್ಲ. ಮುಂದಿನ ಹಲ್ಲಿನ ಜಾಗ ಖಾಲಿ ಕಾಣುತ್ತಿತ್ತು.

"ನೀನು ಅಮ್ಮನ ತಮ್ಮ. ಅದೊಂದೇ ನಿನ್ನ ಅದೃಷ್ಟ," ಅಂದು ಕೆಳಗಿಳಿಸಿದ.

ಡಿಸೆಂಬರ್ 27

ಇಷ್ಟು ದಿನ ಬರೆದಿಲ್ಲ. ಪಕ್ಕೆಲುಬು ಕಟ್ಟಿಸಿಕೊಂಡು ಗ್ಯಾರೇಜಿನಲ್ಲೇ ಬಿದ್ದಿದ್ದೆ, ನಗಿಮಾ ಮಾತಾಡಿಸುತ್ತಿರಲಿಲ್ಲ. ನಡುಕ, ತಲೆನೋವು, ವಾಂತಿ. ಚಮಚದಲ್ಲಿನ ಸಾರು ಬಾಯಿಗೆ ಬರುವುದರೊಳಗೆ ಖಾಲಿ. ಕೊನೆಗೆ ಸೋತೆ. ಅಳಿಯನ ಮನಸ್ಸು ತಣಿಸಬೇಕು, ಬೇರೆ ದಾರಿ ಇಲ್ಲ. ಕುದುರೆಮರಿ ಕೊಡುವುದು ಅಂತ ತೀರ್ಮಾನಿಸಿ ಬಯಲಿಗೆ ಹೋದೆ, ದೊಡ್ಡಪ್ಪನ ಮಗನ ಹತ್ತಿರ ನನ್ನ ಕುದುರೆಗಳಿವೆ.

ನಾಲ್ಕು ದಿನ ಇದ್ದೆ. ಹಗಲೆಲ್ಲ ಜೀನಿನ ಮೇಲೆ, ಗಾಳಿ ಮುಖ ಸುಲಿಯುತ್ತಿತ್ತು. ಎರಡನೆಯ ದಿನ ತಲೆನೋವು ಹೋಯಿತು. ಮೂರನೆಯ ದಿನ ಉರುಳು ಬೀಸಿ ಕಂದು ಮರಿಯನ್ನು ಹಿಡಿದೆ, ಒಂದೇ ಬೀಸಿಗೆ. ಕೈ ನೋಡಿಕೊಂಡೆ. ನಿಂತಿತ್ತು! ಅಲ್ಲೇ, ಕುದುರೆಯ ಮೇಲೆ ಕೂತೇ ಅತ್ತುಬಿಟ್ಟೆ. ಕೊಡುವೆ ಅಂದುಕೊಂಡದ್ದಕ್ಕೇ ಶಾಪ ಇಳಿಯಿತು. ಕೊಟ್ಟಮೇಲೆ ಇನ್ನೇನು.

ಡಿಸೆಂಬರ್ 30

ಕೊಟ್ಟೆ. ಮರಿಯ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ ಅಕ್ಕನ ಮನೆಗೆ ಒಯ್ದೆ, ಜಾನ್‌ಬೊಲಾತನನ್ನೂ ಕರೆಸಿದ್ದಳು. ಹೊಡೆದದ್ದು ತಪ್ಪು ಅಂದೆ. ಮಕ್ಕಳೆದುರು ಸುತ್ತಿಗೆ ಎತ್ತಿದ್ದು ಇನ್ನೂ ದೊಡ್ಡ ತಪ್ಪು ಅಂದೆ. ಅಕ್ಕ ನನ್ನ ಹಣೆಗೆ ಮುತ್ತಿಟ್ಟಳು, ಆಮೇಲೆ ಕೆನ್ನೆಗೆ ಚಟೀರನೆ ಒಂದು ಕೊಟ್ಟಳು. ಎರಡೂ ಬೇಕಿತ್ತು ನನಗೆ.

ಅಳಿಯ ಮರಿಯ ಹಲ್ಲು ಬಿಡಿಸಿ ನೋಡಿದ. ನನಗಿಂತ ಒಂದು ಜಾಸ್ತಿ ಇದೆ ಅಂದ. ಎಲ್ಲರೂ ನಕ್ಕರು. ನಾನೂ.

ಅವರ ಕಟ್ಟಡದ ಕೊಳವೆ ಪೂರ್ತಿ ಒಡೆದಿದೆ. ಹೆಂಡತಿ ಮಕ್ಕಳು ಅಕ್ಕನ ಒಂದೇ ಕೋಣೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದರೆ ಹಗಲು ಮಲಗಲು ಜಾಗವಿಲ್ಲ, ಮಕ್ಕಳು ಹೊಟ್ಟೆಯ ಮೇಲೆ ಕುಣಿಯುತ್ತವೆ. ಎಲ್ಲ ಹೇಳಿ ಕೊನೆಗೆ ತುಂಟ ಮುಖ ಮಾಡಿದ.

"ಕುದುರೆ ನೀನಾಗಿ ಕೊಟ್ಟಿದ್ದು. ಫಿರಂಗಿ ನೀನೇ ಒಡೆದೆ, ಅದು ಲೆಕ್ಕಕ್ಕಿಲ್ಲ. ಮೂರನೇದು ಇನ್ನೂ ಬಾಕಿ ಮಾವ."

"ಏನು ಬೇಕೋ?"

"ನಿನ್ನ ಗ್ಯಾರೇಜಿನ ಬಿಸಿ. ಬನಿಯನ್ನಿನಲ್ಲಿ ಇರ್ತೀಯಂತಲ್ಲ, ಬೀದಿಯೆಲ್ಲ ಹೇಳುತ್ತೆ. ಹಗಲು ಒಂದು ನಿದ್ದೆ, ಅಷ್ಟೇ."

ತಬ್ಬಿಕೊಂಡೆ. ಇಂಥ ಪಾಲು ಕೇಳಿದವನನ್ನು ಹೊಡೆದೆನಲ್ಲ.

ಜನವರಿ 4, ಬೆಳಗ್ಗೆ

ಹೊಸ ವರ್ಷದ ಹಬ್ಬದ ದಿನಗಳಲ್ಲಿ ಗ್ಯಾರೇಜು ತೆಗೆದಿರಲಿಲ್ಲ. ಇವತ್ತು ಅಳಿಯ ಬರುತ್ತಾನೆ ಅಂತ ಎದ್ದ ತಕ್ಷಣ ಒಲೆ ಹಚ್ಚಿದೆ. ಹೊಗೆ ನಿಂತ ಮೇಲೆ ತಗಡು ಮುಚ್ಚಿ, ಹೊಸ ಪಂಪ್ ಒಂದನ್ನು ಬಿಚ್ಚಿ ಕೂತೆ. ಗಂಟೆಯೊಂದು ಚೆನ್ನಾಗಿ ಹೋಯಿತು.

ಆಮೇಲೆ ಕೈ ಮತ್ತೆ ನಡುಗಿತು.

ಯಾಕೆ? ಮರಿ ಕೊಟ್ಟೆ, ಕ್ಷಮೆ ಕೇಳಿದೆ, ಅಕ್ಕನ ಏಟು ತಿಂದೆ. ಇನ್ನೇನು ಬೇಕು? ಸಿಟ್ಟು ನೆತ್ತಿಗೇರಿತು, ಪಂಪ್ ಎತ್ತಿ ನೆಲಕ್ಕೆ ಕುಕ್ಕಿದೆ. ಎರಡು ಹೋಳು. ಅದೇ ಹೊತ್ತಿಗೆ ಜಾನ್‌ಬೊಲಾತ್ ಬಂದ, ಕಣ್ಣಿನ ಸುತ್ತ ಗಣಿಯ ಮಸಿ. ಹೋಳು ನೋಡಿದ, ನನ್ನನ್ನು ನೋಡಿದ, ಇವತ್ತು ಪಂಪಿನ ಸರದಿಯಾ ಅಂದ.

ರೊಟ್ಟಿ, ಕುದುರೆ ಮಾಂಸ, ಚಹಾ ಕೊಟ್ಟೆ. ಒಲೆಯ ಪಕ್ಕ ಹಲಗೆ ಹಾಕಿ ಹಾಸಿಗೆ ಮಾಡಿದ್ದೆ. ಬಿದ್ದುಕೊಂಡು ಕೈಕಾಲು ಚಾಚಿದ. ಕೆಳಗೆ ಗಣಿಯಲ್ಲಿ ಎದೆಗೆ ಒಂದು ಡಬ್ಬಿ ಕಟ್ಟಿರುತ್ತಾರಂತೆ, ಗಾಳಿ ಕೆಟ್ಟರೆ ಕೀಂ ಅನ್ನುತ್ತದಂತೆ, ಅರೆನಿದ್ದೆಯಲ್ಲೂ ಅದರ ಮೇಲೇ ಕಿವಿಯಂತೆ. "ಇಲ್ಲಿ ಆ ಕಾಟ ಇಲ್ಲ ಮಾವ," ಅಂದ. ಮಾತು ಮುಗಿಯುವ ಮೊದಲೇ ಗೊರಕೆ.

ಸಂಜೆಯವರೆಗೆ ಬಿಸಿ ಇರಲಿ ಅಂತ ಒಲೆಯ ಬಾಯಿಯವರೆಗೂ ಕಲ್ಲಿದ್ದಲು ತುಂಬಿದೆ. ಕೆಂಪಾಗುವವರೆಗೆ ಕಾದು ಕೂತೆ. ಸದ್ದಾಗದ ಹಾಗೆ ಹೊರಬಂದು ಬಾಗಿಲಿಗೆ ಉಣ್ಣೆಹಾಸು ಒತ್ತಿ ಸಿಕ್ಕಿಸಿದೆ.

ಜನವರಿ 4, ಮಧ್ಯಾಹ್ನ

ಅಡುಗೆಮನೆಯಲ್ಲಿ ಕೂತಿದ್ದೇನೆ. ನಗಿಮಾ ಹಿಟ್ಟು ನಾದುತ್ತಿದ್ದಾಳೆ. ನನ್ನ ಕಾಲಿನ ಮೇಲೆ ಮೋಟಿ. ಗ್ಯಾರೇಜಿನಲ್ಲಿ ಬಿಟ್ಟುಬರೋಣ ಅಂತ ಬೆಳಗ್ಗೆ ಎತ್ತಿಕೊಂಡು ಹೋಗಿದ್ದೆ, ಬಾಗಿಲ ಹತ್ತಿರವೇ ಕೈ ಪರಚಿ ಹಾರಿ ಓಡಿಬಂದಿತ್ತು. ಅಕ್ಷರ ಚೆನ್ನಾಗಿ ಬರುತ್ತಿವೆ ಇವತ್ತು. ಬೆಳಗ್ಗೆ ಬರೆದದ್ದು ಕೋಳಿ ಕೆದರಿದ ಹಾಗಿದೆ, ಇದು ನನ್ನ ಹಳೆಯ ಕೈ. ನಡುಕ ನಿಂತಿದೆ. ನಾನು ಏನೂ ಮಾಡಿಲ್ಲ, ಯಾರಿಗೂ ಏನೂ ಕೊಟ್ಟಿಲ್ಲ, ಸುಮ್ಮನೆ ಇಲ್ಲಿ ಬಂದು ಕೂತೆ. ನಿಂತಿತು.

ನಗಿಮಾಳಿಗೆ ಹೇಳಿದೆ. ಅವಳು ಹಿಟ್ಟಿನಿಂದ ತಲೆ ಎತ್ತಲಿಲ್ಲ. "ನನ್ನ ತಲೆನೋವೂ ಆ ಗ್ಯಾರೇಜಿಗೆ ಹೋಗೋದು ಬಿಟ್ಟ ದಿನವೇ ನಿಂತಿತ್ತು," ಅಂದಳು.

ಬಯಲಿನಲ್ಲಿ ನಿಂತಿತ್ತು. ಆಗ ಮರಿ ಇನ್ನೂ ಕೊಟ್ಟಿರಲಿಲ್ಲ. ಕೊಟ್ಟಮೇಲೆ ಬೆಳಗ್ಗೆ ಗ್ಯಾರೇಜಿನಲ್ಲಿ ಮತ್ತೆ ಶುರುವಾಯಿತು. ಇವಳ ತಲೆನೋವು. ಬೆಕ್ಕು. ವಾಂತಿ. ಗವಾಕ್ಷಿಗೆ ಹಲಗೆ ಹೊಡೆದಮೇಲೇ ಎಲ್ಲ. ಅಳಿಯನಿಗೆ ಹೊಡೆದಮೇಲಲ್ಲ, ಹಲಗೆ ಹೊಡೆದಮೇಲೆ. ಶಾಪ ಎಲ್ಲಿಯದು — ಒಲೆಯ ವಿಷಗಾಳಿ. ಈ ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಕೆಂಡ ಇರುವಾಗ ತಗಡು ಮುಚ್ಚಬಾರದು ಅಂತ. ನಾನು ಅಮ್ಮನ ಮಾತು ಹಿಡಿದುಕೊಂಡು ಕೂತೆ, ಅವನು ಒಳಗೆ ಬೆಳಗ್ಗೆಯಿಂದ ಮಲಗಿದ್ದಾನೆ, ಒಲೆ ತುಂಬ ಕೆಂಡ, ತಗಡು ನಾನೇ ಈ ಕೈಯಿಂದಲೇ ಪೂರ್ತಿ ಮುಚ್ಚಿ ಬಂ—